ಹುಣ್ಣಿಮೆಯ ಮರುದಿನದ ಏಕಾದಶಿ

ಮಳಖೇಡ
ಗುರುವಾರ, 15 ಮೇ 2025

ಮಕ್ಕಳ ಪ್ರೀತಿಯ ಅಪ್ಪನಿಗೆ,

ಹೇಗಿದ್ದೀರಿ? ನೆಗಡಿ ಹೋಯಿತೇ? ಹೋಟೆಲಿನ ಊಟವನ್ನೇ ನಂಬಿಕೊಳ್ಳಬೇಡಿ, ಫ್ರಿಜ್ಜಿನಲ್ಲಿ ಗೊಜ್ಜು ಇಟ್ಟು ಬಂದಿದ್ದೇನೆ. ಮಕ್ಕಳು ಚೆನ್ನಾಗಿದ್ದಾರೆ. ಅತ್ತೆಯೂ ಈಗ ಚೆನ್ನಾಗಿದ್ದಾರೆ. ಆ 'ಈಗ'ಕ್ಕಾಗಿಯೇ ಈ ಪತ್ರ. ನಿಮಗೆ ಫೋನಿನಲ್ಲಿ ಹೇಳಕೂಡದೆಂದು ಅತ್ತೆ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ. ಪುಣ್ಯಕ್ಕೆ ಪತ್ರದ ಮಾತು ಎತ್ತಲಿಲ್ಲ.

ಊರ ಪಕ್ಕದಲ್ಲೇ ಕಾಗಿಣಾ ಹೊಳೆ, ನೀರಿಗೇನು ಬರ ಎಂದು ಹೇಳಿ ನಮ್ಮನ್ನು ರೈಲು ಹತ್ತಿಸಿದಿರಲ್ಲ, ನೀವು ಇಲ್ಲಿಗೆ ಬೇಸಿಗೆಯಲ್ಲಿ ಬಂದು ಎಷ್ಟು ವರ್ಷವಾಯಿತು ಹೇಳಿ. ನಮ್ಮ ಓಣಿಯ ನಲ್ಲಿಗೆ ಎಂಟು ದಿನಕ್ಕೊಮ್ಮೆ ನೀರು. ಬೋರಿನ ನೀರಿಗೆ ಸಾಬೂನು ನೊರೆಯೇ ಬರುವುದಿಲ್ಲ. ಹಿತ್ತಲಿನ ಬಾವಿಯಿಂದ ಅತ್ತೆ ಬೆಳಿಗ್ಗೆ ಮಡಿಯಲ್ಲಿ ಎರಡು ಕೊಡ ಸೇದುತ್ತಾರೆ. ಅಡುಗೆಗೂ ಕುಡಿಯಲಿಕ್ಕೂ ಅವರಿಗೆ ಅದೇ ಬೇಕು, ಕ್ಯಾನಿನ ನೀರು ಮುಟ್ಟುವುದಿಲ್ಲ. ಇದು ನನಗೆ ಗೊತ್ತಿತ್ತು. ಬಾವಿಯಲ್ಲಿ ದಿನಕ್ಕೆ ಊರುವುದೇ ಎರಡು ಕೊಡ ಎಂಬುದು ಗೊತ್ತಿರಲಿಲ್ಲ.

ಬಿಸಿಲಿನ ಊರು, ಮಕ್ಕಳು ಬಾಡಬಾರದೆಂದು ನಾನು ಮೊಬೈಲಿನಲ್ಲಿ ಗಂಟೆಗೊಂದು ಅಲಾರಾಂ ಇಟ್ಟಿದ್ದೆ. ಅದು ಬಡಿದಾಗಲೆಲ್ಲ ಮಕ್ಕಳು ಓಡಿ ಹೋಗಿ ಬಾವಿನೀರಿನ ತಣ್ಣನೆ ಗಡಿಗೆಗೇ ಲೋಟ ಹಾಕುತ್ತಿದ್ದರು. ಇನ್ನು ನನ್ನ ಬುದ್ಧಿ ಕೇಳಿ. ಬೋರಿನ ನೀರಿಗೆ ಕೂದಲು ಜಿಗಟಾಯಿತೆಂದು ಭಾನುವಾರ ಒಂದು ಕೊಡ ಬಾವಿನೀರಿನಲ್ಲಿ ನಿಮ್ಮ ಮಗಳು ಪ್ರಮಿತಾಳಿಗೆ ತಲೆಸ್ನಾನ ಮಾಡಿಸಿ ನಾನೂ ಮಾಡಿದೆ. ಸೋಮವಾರವೂ ಮಾಡಿದೆ. ಅತ್ತೆ ನೋಡಿ ನಕ್ಕರು, ಅಷ್ಟೆ. ಮಂಗಳವಾರ ಎದ್ದು, ಇವತ್ತು ತಮಗೆ ಏಕಾದಶಿ, ನೀರೂ ಕುಡಿಯುವುದಿಲ್ಲ, ಮಕ್ಕಳೊಂದಿಗಳಾದ ನಾನು ಉಪವಾಸ ಮಾಡುವುದು ಬೇಡ ಎಂದರು. ನಾನು ಯಾವತ್ತು ಪಂಚಾಂಗ ನೋಡಿದ್ದೇನೆ, ನಂಬಿದೆ. ಧೀರೇಂದ್ರ ಭಾವ ಭಾಗವತ ಸಪ್ತಾಹಕ್ಕೆಂದು ಚಿಂಚೋಳಿಗೆ ಹೋಗಿದ್ದರು, ಅವರು ಮನೆಯಲ್ಲಿದ್ದಿದ್ದರೆ ಅತ್ತೆಯ ಸುಳ್ಳು ಅಲ್ಲೇ ಸಿಕ್ಕಿಬೀಳುತ್ತಿತ್ತು.

ಮಧ್ಯಾಹ್ನ ಮೂರಕ್ಕೆ ಅತ್ತೆ ಅಡುಗೆಮನೆಯ ಹೊಸ್ತಿಲಲ್ಲಿ ಬಿದ್ದರು. ನಾಲಿಗೆ ಒಣಗಿ ಮಾತು ತೊದಲುತ್ತಿತ್ತು. ನನ್ನ ಕೂಗಿಗೆ ಪಕ್ಕದ ಮನೆಯ ತಾಜುನ್ನಿಸಾ ಉಪ್ಪು ಸಕ್ಕರೆ ಹಾಕಿದ ನೀರು ಹಿಡಿದು ಓಡಿ ಬಂದಳು. ಏಕಾದಶಿ, ಅತ್ತೆ ಕುಡಿಯುವುದಿಲ್ಲ ಎಂದು ನಾನೇ ಅವಳನ್ನು ತಡೆದೆ. ಅವಳು ನನ್ನ ಮುಖ ನೋಡಿದಳು.

"ಏಕಾದಶಿ ಎಲ್ಲಿಂದ ಬಂತ್ರಿ ವೈನಿ? ನಿನ್ನಿ ರಾತ್ರಿ ಪೂರಾ ಚಂದ್ರ ಇತ್ತಲ್ಲ."

ಸುಜಯ, ಆ ಚಂದ್ರನನ್ನು ನಾನೇ ಮಾಳಿಗೆಯ ಮೇಲೆ ಮಕ್ಕಳಿಗೆ ತೋರಿಸಿದ್ದೆ. ಅತ್ತೆ ಕಣ್ಣು ಮುಚ್ಚಿಕೊಂಡೇ ತಾಜುನ್ನಿಸಾಳ ಲೋಟ ಬರಿದು ಮಾಡಿ, ಇನ್ನೊಂದಕ್ಕೆ ಕೈ ಚಾಚಿದರು. ನಲವತ್ತು ವರ್ಷದ ಮಡಿ ಅದು. ಅವಳ ಮಗ ತಾರೀಕ ತನ್ನ ಆಟೋದಲ್ಲೇ ಸೇಡಂ ಆಸ್ಪತ್ರೆಗೆ ಕರೆದೊಯ್ದ. ಎರಡು ಬಾಟಲಿ ಸಲಾಯಿನ್ ಏರಿಸಿದರು. ಇನ್ನೊಂದು ದಿನ ಹೀಗೇ ಇದ್ದಿದ್ದರೆ ಕಿಡ್ನಿಯ ಆಸೆ ಬಿಡಬೇಕಿತ್ತು ಎಂದು ಡಾಕ್ಟರು ನನ್ನನ್ನು ಬೈದರು. ಅತ್ತೆ ಭಾನುವಾರದಿಂದ ದಿನಕ್ಕೆ ಒಂದೇ ಲೋಟ ನೀರಿನಲ್ಲಿ ಇದ್ದರಂತೆ. ನನಗೆ ಯಾಕೆ ಹೇಳಲಿಲ್ಲ ಎಂದು ಅತ್ತೆಯನ್ನು ಕೇಳಿದೆ.

"ಮನಿಗೆ ಬಂದ ಸೊಸಿಗೆ ನೀರು ಅಳದು ಬಳಸು ಅಂತ ಹ್ಯಾಂಗ ಹೇಳ್ಲಿ?" ಎಂದರು.

ಎರಡು ದಿನದಿಂದ ನನಗೆ ನಿದ್ದೆ ಹತ್ತಿಲ್ಲ. ತಲೆಗೆ ಕೈ ಹೋದರೆ ನಾಚಿಕೆಯಾಗುತ್ತದೆ. ಈಗ ನಾನೂ ಮಕ್ಕಳೂ ಕ್ಯಾನಿನ ನೀರಿಗೆ ಬಂದಿದ್ದೇವೆ, ಬಾವಿಯದು ಅತ್ತೆಗೇ; ಅಲಾರಾಂ ಬಡಿದರೆ ಮೊದಲ ಲೋಟ ಅತ್ತೆಗೆ. ಬೈದುಕೊಂಡೇ ಕುಡಿಯುತ್ತಾರೆ. ಮಕ್ಕಳ ಮುತ್ತು, ಅತ್ತೆಯ ಆಶೀರ್ವಾದ ಇದರೊಳಗೇ ಇವೆ.

ನಿಮ್ಮ
ವೃಂದಾ

ತಾ.ಕ.: ನೀವು ಬರುವ ದಿನದ ಮಾತು ಎತ್ತಿದೆ. ಅತ್ತೆ ಪಂಚಾಂಗ ತರಿಸಿ ನೋಡಿ, "ಇಪ್ಪತ್ಮೂರಕ್ಕ ಬಾ ಅನ್ನು ಸುಜಯಗ. ಅವತ್ತ ಖರೇನ ಏಕಾದಶಿ ಅದ, ನನ್ನ ಪಾಲಿನ ನೀರು ಅವಗ ಆಗ್ತದ" ಎಂದರು. ಯಾವತ್ತಾದರೂ ಬನ್ನಿ, ಅವತ್ತು ಮಾತ್ರ ಬೇಡ.