ಗುಂಡನಿಗೂ ಕೆಲಸ ಸಿಕ್ಕಿತು

ಅಕ್ಕಾ,

ಮೊದಲು ಕುಳಿತುಕೋ, ಬಿದ್ದು ಬಿದ್ದು ನಗುತ್ತೀಯ. ನನಗೆ ಫೋನಿನಲ್ಲೇ ಕೆಲಸ ಕೊಟ್ಟಿತ್ತಲ್ಲ, ಆ ಕಂಪನಿ ನಮ್ಮ ಬೆಕ್ಕು ಗುಂಡನಿಗೂ ಕೆಲಸ ಕೊಟ್ಟಿದೆ!

ನಿನ್ನೆ ನೀನು "ಬೆಳ್ಳಗಿರೋದೆಲ್ಲ ಹಾಲಲ್ಲ ಕಣೇ, ಮುಖಾನೂ ನೋಡ್ದೆ ಯಾರೇ ಕೆಲಸ ಕೊಡ್ತಾರೆ?" ಅಂದಾಗ ಮೈಯೆಲ್ಲ ಉರಿದಿತ್ತು. ಬೆಕ್ಕನ್ನು ಬೇಡವೆಂದರೆ ಕಂಪನಿ ನಿಜದ್ದೇ ಎಂದು ತೋರಿಸಿ ನಿನ್ನ ಮಾತು ಸುಳ್ಳು ಮಾಡಬೇಕೆಂದೇ ಗುಂಡನ ಹೆಸರಿನಲ್ಲೂ ಅರ್ಜಿ ಹಾಕಿದೆ. ಅನುಭವ: ಇಲಿ ನಿಯಂತ್ರಣ, ರಾತ್ರಿ ಪಾಳಿ. ತಲೆ ಬಾಚಿಕೊಂಡು ಬರುವಷ್ಟರಲ್ಲಿ ಉತ್ತರ! "ಗುಂಡ ಅವರೇ, ಅಭಿನಂದನೆಗಳು, ನೀವು ಆಯ್ಕೆಯಾಗಿದ್ದೀರಿ." ಸಂಬಳ ನನಗಿಂತ ಜಾಸ್ತಿ ಬೇರೆ, ಕಳ್ಳರು! ನನಗೆ ಹೇಳಿದ ಹಾಗೆಯೇ, ತರಬೇತಿ ಶುಲ್ಕ ಮಾತ್ರ ಇವತ್ತೇ ಕಟ್ಟಬೇಕಂತೆ. ಇಲ್ಲದಿದ್ದರೆ ಅವನ ಜಾಗ ಬೇರೆಯವರ ಪಾಲಂತೆ.

ನೀನು ಹೊಲಿದು ಕೂಡಿಟ್ಟ ದುಡ್ಡು ಡಬ್ಬಿಯಲ್ಲೇ ಇದೆ. ಮುಟ್ಟಿಲ್ಲ.

ಕಾಲೇಜಿಗೆ ರಜೆಯಲ್ಲವೇ, ಈಗ ಬೀದಿ ಕೊನೆಯ ಔಷಧಿ ಅಂಗಡಿಗೆ ಓಡುತ್ತಿದ್ದೇನೆ. ಆಗಲೇ ಹೋಗಿ ಕೆಲಸ ಕೇಳಿ ಬಂದೆ. ಅಲ್ಲಿಯ ಯಜಮಾನಿ ಶುಲ್ಕ ಕೇಳಲಿಲ್ಲ, ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳಿ ಕೇಳಿ ತಲೆ ತಿಂದರು. ಕೊನೆಗೆ "ಇವತ್ತು ಕೆಲಸ ಮಾಡಿ ತೋರ್ಸು, ಇವತ್ತಿನ ಕೂಲಿ ಕೊಡ್ತೀನಿ, ಆಮೇಲೆ ನೋಡೋಣ" ಅಂದರು.

ನಿನ್ನ ನೀಲಿ ಅಂಗಿ ಹಾಕಿಕೊಂಡಿದ್ದೇನೆ. ಕೇಳಿದ್ದರೆ ನೀನು ಕೊಡುತ್ತಿರಲಿಲ್ಲ. ಗುಂಡನಿಗೆ ಬಂದ ಉತ್ತರ ಓದಿ ನಾನು ಅತ್ತಿದ್ದು ಅಮ್ಮನಿಗೆ ಹೇಳಬೇಡ. ಹಿತ್ತಿಲ ಬಾಗಿಲ ಚಿಲಕ ಹಾಕಿಲ್ಲ, ನೋಡು.

ಗುಂಡನಿಗೆ ಒಂದು ಬಟ್ಟಲು ಹಾಲು ಹೆಚ್ಚಿಗೆ ಹಾಕು. ಅವನದು ಒಂದೇ ದಿನದಲ್ಲಿ ಬಂದು ಹೋದ ಕೆಲಸ, ಪಾಪ. ನನ್ನದು ಉಳಿಯಲಿ ಎಂದು ಹರಸು.