ಗಾರೆಯೊಳಗೆ ಹೋದ ಬಾಗಿಲು

ಉಪ್ಸಾಲಾ
14 ಸೆಪ್ಟೆಂಬರ್ 2024

ಪ್ರೀತಿಯ ನಂದಕುಮಾರ,

ನಾನು ಕ್ಷೇಮ. ಮೈಸೂರಿನಲ್ಲಿ ನೀನೂ ಅತ್ತೆಯೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ವಾಯ್ಸ್ ಮೆಸೇಜ್ ಬಂದು ಎರಡು ವಾರವಾಯಿತು, ಮಾರುತ್ತರ ಕೊಡಲಿಲ್ಲವೆಂದು ಮುನಿಸಿಕೊಳ್ಳಬೇಡ. ನಿನ್ನ ತಂಗಿ ಆರತಿಯ ಮಗುವಿಗೆ ಹೆಸರಿಡುವ ವಿಷಯ ಕೇಳಿದ್ದೀಯ. ಅದಕ್ಕೆ ಫೋನಿನ ಮೇಲೆ ಹೆಬ್ಬೆರಳು ಒತ್ತಿ ಒಂದು ಸಾಲು ಕಳಿಸುವುದು ನನ್ನಿಂದಾಗಲಿಲ್ಲ. ಕಾಗದ ಹಿಡಿದು ಕುಳಿತಿದ್ದೇನೆ. ಮೊದಲು ಚರ್ಚಿನ ಸುದ್ದಿ, ನಿನಗೆ ಬೇಕೋ ಬೇಡವೋ.

ನಮ್ಮ ಚರ್ಚಿನ ಕೆಲಸ ಮುಗಿಯಿತು. ‘ನಮ್ಮ’ ಎಂದರೆ ನೀನು ನಗುತ್ತಿದ್ದೆ, ಮನೆಯಲ್ಲಿ ಗಣಪತಿ ಕೂರಿಸುವವಳಿಗೆ ಚರ್ಚು ಯಾವಾಗ ಸ್ವಂತದ್ದಾಯಿತು ಎಂದು. ನಗು. ನಾಲ್ಕು ವರ್ಷ ಅದರ ಗಾರೆಯ ಚೂರುಗಳನ್ನು ಲ್ಯಾಬಿನಲ್ಲಿ ಕುಟ್ಟಿ ಪುಡಿ ಮಾಡಿದವಳಿಗೆ ಅಷ್ಟು ಹಕ್ಕಿಲ್ಲವೇ? ಹೊಲಗಳ ನಡುವೆ ಕಾಡುಗಲ್ಲಿನ ಆ ದಪ್ಪ ಗೋಡೆ, ದಕ್ಷಿಣಕ್ಕೆ ಮುಖಮಂಟಪ. ಹಿಂದೆ ಗಂಡಸರು ಕತ್ತಿ ಕೊಡಲಿಗಳನ್ನು ಅಲ್ಲಿಟ್ಟು ಒಳಗೆ ಹೋಗುತ್ತಿದ್ದರಂತೆ, ನಾವು ಚಪ್ಪಲಿ ಬಿಡುವ ಹಾಗೆ. ಒಳಗೆ ತಲೆಯೆತ್ತಿದರೆ ಇಟ್ಟಿಗೆಯ ಕಮಾನುಗಳು ನಕ್ಷತ್ರದಂತೆ ಕೂಡುತ್ತವೆ, ಮೈತುಂಬ ಬಳ್ಳಿಯ ಚಿತ್ರ. ಅದನ್ನು ನೋಡಿ ನೀನೂ ಒಮ್ಮೆ ಬಾಯಿ ಮುಚ್ಚಿ ನಿಂತಿದ್ದೆ.

ಅಂಥ ಕಟ್ಟಡಕ್ಕೆ ಹಿಂದಿನವರು ಜೀರ್ಣೋದ್ಧಾರವೆಂದು ಹೊರಗೆಲ್ಲ ಸಿಮೆಂಟ್ ಮೆತ್ತಿದ್ದರು. ಕಲ್ಲಿನೊಳಗೆ ಇಳಿದ ನೀರಿಗೆ ಹೊರಬರಲು ದಾರಿಯಿಲ್ಲ. ಗೋಡೆ ಒಳಗೊಳಗೇ ಕೊಳೆಯಿತು. ಸುಣ್ಣದ ಗಾರೆಯಾದರೆ ಉಸಿರಾಡುತ್ತದೆ ಎಂದು ಊಟಕ್ಕೆ ಕೂತಾಗಲೆಲ್ಲ ನಿನ್ನ ತಲೆ ತಿಂದಿದ್ದೇನೆ. ಸಿಮೆಂಟ್ ಕಿತ್ತು ಸುಣ್ಣದ ಗಾರೆ ಮಾಡಿ ಎಂದು ವರದಿ ಬರೆದವಳೂ ನಾನೇ.

ಮೇ ತಿಂಗಳಲ್ಲಿ ಉತ್ತರ ದಿಕ್ಕಿನ ಗೋಡೆಯ ಸಿಮೆಂಟ್ ಕಿತ್ತರು. ಅಲ್ಲಿ ಕಮಾನಿನಂಥ ಒಂದು ಬಿರುಕಿತ್ತಲ್ಲ, ಅದರ ಹಿಂದೆ ನಿಜವಾಗಿಯೂ ಬಾಗಿಲಿತ್ತು! ಕಲ್ಲಿನ ಕಮಾನು, ಸವೆದ ಹೊಸ್ತಿಲು, ನಡುವೆ ಯಾವ ಕಾಲದಲ್ಲೋ ತುಂಬಿ ಮುಚ್ಚಿದ ಕಲ್ಲುಗಳು. ಹೆಂಗಸರು ಆ ಕಡೆಯಿಂದ ಬರುತ್ತಿದ್ದರು ಅನ್ನುತ್ತಾರೆ. ಅವತ್ತು ನಾನು ಸಣ್ಣ ಹುಡುಗಿಯಂತೆ ಕುಣಿದಾಡಿದೆ.

ಗಾರೆ ಹಾಕುವ ಮೊದಲು, ಈ ಕೆಲಸದ ಮೇಲ್ವಿಚಾರಕಿ ಗುನಿಲ್ಲಾಳನ್ನು ಫಿಕಾ ಹೊತ್ತಿನಲ್ಲಿ ಹಿಡಿದೆ. ಕಾಫಿ ಕುಡಿಯುತ್ತಾ ಕೇಳಿದರೆ ಇಲ್ಲಿಯವರು ಬೇಗ ಇಲ್ಲ ಅನ್ನುವುದಿಲ್ಲ. ಆ ಕಮಾನನ್ನು ಮುಚ್ಚುವುದು ಬೇಡ ಎಂದೆ. ಅಂಚಿನಲ್ಲಿ ನೀರಿಳಿಯುತ್ತದೆ, ನಿನ್ನ ವರದಿಯಲ್ಲೇ ಇದೆಯಲ್ಲ ಎಂದಳು. ನಾನೇ ತೋಡಿದ ಹಳ್ಳ. ಹಾಗಾದರೆ ಗಾರೆಯ ಮೇಲೆ ಒಂದು ಗೆರೆಯಾದರೂ ಎಳೆಯೋಣ ಎಂದು ಬೇಡಿಕೊಂಡೆ. ಒಬ್ಬೊಬ್ಬರ ಕಾಲದ ಗುರುತನ್ನೂ ಉಳಿಸುತ್ತಾ ಹೋದರೆ ಗೋಡೆಯೇ ಕಾಣುವುದಿಲ್ಲ ಎಂದಳು. ಆಮೇಲೆ ನನ್ನ ಮುಖ ನೋಡಿ, “ಶೋಭನಾ, ಬೇರೆ ಏನಾದ್ರೂ ಕಾರಣ ಇದ್ಯಾ? ಇದ್ರೆ ಹೇಳು, ಸಭೆಯಲ್ಲಿ ಕೇಳ್ತೀನಿ” ಎಂದಳು. ಒಳ್ಳೆಯ ಹೆಂಗಸು.

“ಏನಿಲ್ಲ, ಚೆನ್ನಾಗಿ ಕಾಣತ್ತೆ ಅಂತ ಅಷ್ಟೆ” ಎಂದೆ. ಮನೆಯಲ್ಲಿ ನಾವಿಬ್ಬರೇ ಬಾಯಿಬಿಟ್ಟು ಆಡದ ಮಾತನ್ನು ಬಿಸ್ಕತ್ತಿನ ತಟ್ಟೆ ಮುಂದಿಟ್ಟುಕೊಂಡು ಹೇಗೆ ಆಡಲಿ, ನಂದ?

ನಿನ್ನೆ ಅಟ್ಟಣಿಗೆ ಬಿಚ್ಚಿದರು. ಜೊತೆಗೆ ಶ್ರದ್ಧಾ ಬಂದಿದ್ದಳು. ಇಲ್ಲಿ ಪಿಎಚ್.ಡಿ. ಮಾಡುತ್ತಿರುವ ಹುಡುಗಿ, ಆ ಚಿಕ್ಕ ಕೋಣೆಯನ್ನು ಅವಳಿಗೆ ಬಾಡಿಗೆಗೆ ಕೊಟ್ಟಿದ್ದೇನೆ. “ಅಕ್ಕಾ, ಎಷ್ಟ್ ನೀಟಾಗಿದೆ ನೋಡಿ! ಇಲ್ಲೊಂದು ಬಾಗ್ಲಿತ್ತು ಅಂತ ಗೊತ್ತೇ ಆಗಲ್ಲ. ಸೂಪರ್ ವರ್ಕ್!” ಎಂದು ಫೋಟೋ ತೆಗೆದಳು. ಪಾದ್ರಿ ಎಲ್ಲರಿಗೂ ದಾಲ್ಚಿನ್ನಿ ಬನ್ನು ಹಂಚಿದರು. ನಾನು ಗೋಡೆ ಮುಟ್ಟಿ ನೋಡಿದೆ. ಕೆಲಸ ಅಚ್ಚುಕಟ್ಟಾಗಿದೆ, ಹೆಸರಿಡುವ ಹಾಗಿಲ್ಲ. ಇನ್ನು ನೂರಾರು ವರ್ಷ ಅದಕ್ಕೇನೂ ಆಗುವುದಿಲ್ಲ.

ಒಂದು ತಿಂಗಳಿಗೆಂದು ಹೋದ ನೀನು ಅಲ್ಲೇ ಕೆಲಸಕ್ಕೆ ಸೇರಿದ್ದು ಆರತಿಯಿಂದ ತಿಳಿಯಿತು. ಬಾ ಎಂದು ಕರೆಯುವುದಿಲ್ಲ, ನಾನೂ ಬರುವುದಿಲ್ಲ. ನನಗೆ ಕೋಪವಿಲ್ಲ. ಕೋಪವಿದ್ದಿದ್ದರೆ ಜಗಳವಾಡಿ ರಾಜಿಯಾದರೂ ಆಗುತ್ತಿದ್ದೆವು. ನಿನ್ನ ಚಳಿಯ ಕೋಟು ಇನ್ನೂ ಬಾಗಿಲ ಹಿಂದೆ ನೇತಾಡುತ್ತಿದೆ. ಮೈಸೂರಿನಲ್ಲಿ ಅದರಿಂದ ಏನುಪಯೋಗ, ಯಾರಿಗಾದರೂ ಕೊಟ್ಟುಬಿಡುತ್ತೇನೆ.

ಅತ್ತೆಗೆ ನನ್ನ ನಮಸ್ಕಾರ. ಬಾಣಂತಿ ಆರತಿಗೆ ಕಿವಿಗೆ ಗಾಳಿ ಹೋಗದಂತೆ ಬಟ್ಟೆ ಕಟ್ಟಿಕೊಳ್ಳಲು ಹೇಳು. ಕೂಸು ನೂರು ಕಾಲ ಬಾಳಲಿ, ಅವ್ವನ ಮಡಿಲು ತುಂಬಿರಲಿ.

ಶೋಭನಾ

ತಾ.ಕ.: ಹೆಸರಿನ ಮಾತು. ನಮ್ಮ ಮಗಳನ್ನು ಆ ಗೋಡೆಯ ಪಕ್ಕದ ಹುಲ್ಲಿನಲ್ಲಿ ಮಣ್ಣು ಮಾಡಿದ ದಿನ ಅತ್ತೆ ಫೋನಿನಲ್ಲಿ ಹೇಳಿದ್ದರು: “ಹಸುಗೂಸಿಗೆ ಕಲ್ಲು ನಿಲ್ಲಿಸ್ಬಾರ್ದು ಕಣೋ. ಗುರುತಿಟ್ರೆ ಅಲ್ಲೇ ಕಾಯ್ತಾ ಕೂತ್ಬಿಡತ್ತೆ, ಮತ್ತೆ ಹುಟ್ಟಿ ಬರಲ್ಲ.” ನೀನು ಹೂಂ ಅಂದೆ, ನಾನು ಸುಮ್ಮನಿದ್ದೆ. ಅವಳ ನೇರಕ್ಕೇ ಇದ್ದ ಆ ಕಮಾನನ್ನು ಅವಳ ಕಲ್ಲು ಎಂದುಕೊಂಡೆ. ಶನಿವಾರ ಬಸ್ಸಿಳಿದು ಹೋಗಿ ಅದಕ್ಕೆ ಮುಖ ಮಾಡಿ ಕೂರುತ್ತಿದ್ದೆ. ಈಗ ಬಾಗಿಲು ನಕ್ಷೆಯಲ್ಲಿದೆ, ಗೋಡೆಯಲ್ಲಿಲ್ಲ. ಉಳಿದಿದ್ದು ನಾವಿಬ್ಬರೇ ಆರಿಸಿದ್ದ ಹೆಸರೊಂದು. ಮೆಸೇಜಿನಲ್ಲಿ ನೀನು ಅದನ್ನೇ ಕೇಳಿ, “ಆ ಹೆಸ್ರು ಹೇಗೂ ಯಾರಿಗೂ ಇಟ್ಟಿಲ್ವಲ್ಲ” ಎನ್ನುತ್ತೀಯ. ಸರಿ, ಆರತಿಯ ಮಗುವಿಗೆ ಅದಿತಿ ಎಂದೇ ಇಡಿ. ತೊಟ್ಟಿಲ ಸುತ್ತ ನಿಂತು ಎಲ್ಲರೂ ಕೂಗಿ ಕರೆಯುವಾಗ ಮಾತ್ರ ನನಗೆ ವಿಡಿಯೋ ಕಾಲ್ ಮಾಡಬೇಡ.