ವೀರವ್ವನ ಷರಾ

ಜೂನ್ 11, ಮಂಗಳವಾರ. ಮಧ್ಯಾಹ್ನ 1

ಬೆಳಿಗ್ಗೆಯಿಂದ ಟೈಪಿಂಗ್. ಗಜೇಂದ್ರಗಡದ ನಮ್ಮ ಕೈಮಗ್ಗ ತರಬೇತಿ ಕೇಂದ್ರಕ್ಕೆ ಒಬ್ಬ ಶಿಕ್ಷಕಿ ಬೇಕು. ಐದು ಹೆಸರು, ಜಿಲ್ಲಾ ಕಚೇರಿಗೆ ಕಳಿಸಬೇಕಾದ ಐದು ರಿಪೋರ್ಟ್, ಎಲ್ಲ ಇಂಗ್ಲಿಷಿನಲ್ಲಿ. ಮೂರನೆಯದು ನಮ್ಮ ಓಣಿಯ ವೀರವ್ವನದು. ಷರಾ ಕಾಲಂನಲ್ಲಿ ನಮ್ಮ ಕೇಂದ್ರದ ಮುಖ್ಯಸ್ಥ ಜಯಂತ ಸರ್ ಬರೆದದ್ದು ಒಂದೇ ಪದ — ಕ್ಲಮ್ಸಿ.

ಕ್ಲಮ್ಸಿಯಂತೆ, ಒಡ್ಡೊಡ್ಡು ಕೈಯವಳಂತೆ. ಮೂವತ್ತು ವರ್ಷ ಕುಣಿಮಗ್ಗದಲ್ಲಿ, ನೆಲದ ಕುಣಿಗೆ ಕಾಲು ಇಳಿಬಿಟ್ಟು ಕೂತು ಸೀರೆ ನೇಯ್ದವಳು.

ಸಂದರ್ಶನದ ದಿನ ನಾನೂ ಇದ್ದೆ. ಹಾಸಿನ ನೂಲು, ಮಗ್ಗಕ್ಕೇರಿಸುವ ಉದ್ದೆಳೆ, ನೆಲದುದ್ದಕ್ಕೂ ಹರವಿತ್ತು. ಸರ್ ನರಗುಂದದಿಂದ ಹೊಸದಾಗಿ ಬಂದವರು, ದಾಟಿ ಬಾ ಎಂದರು. ನೇಕಾರರ ಮನೆಯಲ್ಲಿ ಕೂಸು ಕೂಡ ಹಾಸು ದಾಟುವುದಿಲ್ಲ, ದಾಟಿದರೆ ಮಗ್ಗಕ್ಕೆ ಅವಮಾನ. ವೀರವ್ವ ಗೋಡೆ ಹಿಡಿದು ಸುತ್ತಿ ಬಂದಳು. ಮೊಣಕಾಲು ನೋವು ಬೇರೆ. ಕುರ್ಚಿಗೆ ಎಡವಿ ಸರ್ ಮುಂದಿನ ಚಹಾ ಚೆಲ್ಲಿದಳು. ಅಷ್ಟೇ. ಸರ್ ಅವಳನ್ನು ಮಗ್ಗಕ್ಕೆ ಕೂಡಿಸಿ ನೋಡಲೇ ಇಲ್ಲ.

ಸಂಜೆ 5

ಕೇಳಿಯೇ ಬಿಟ್ಟೆ. "ಸರ್, ಕ್ಲಮ್ಸಿ ಅಂದ್ರ ಕೈ ಸುದ್ಧಾ ಬರೂದಿಲ್ಲ ಅಂದಂಗ ಆಕ್ಕೈತ್ರಿ."

"ಹಂಗಾದ್ರ ಬ್ಯಾರೆ ಶಬ್ದ ಹಾಕ್ರಿ. ನಿಮಗ ಇಂಗ್ಲಿಷ್ ಭಾಳ ಬರ್ತದಲ್ಲ."

ನಗುತ್ತ ಹೋದರು. ಮೈ ಉರಿಯಿತು.

ಜೂನ್ 12

ಡಿಕ್ಷನರಿ ತೆಗೆದು ಕೂತೆ. ಆಕ್‌ವರ್ಡ್ — ಮುಜುಗರದವಳು ಅಂತಲೂ ಆಗುತ್ತದೆ, ಹುಡುಗಿಯರಿಗೆ ಏನು ಕಲಿಸಿಯಾಳು ಎನ್ನುತ್ತಾರೆ. ಇನೆಪ್ಟ್ — ಛೀ, ಕೆಲಸವೇ ಬಾರದವಳು. ಅನ್‌ಗೇನ್ಲಿ — ನಡಿಗೆ ಮಾತ್ರ ನೆಟ್ಟಗಿಲ್ಲ, ಕೈಗೆ ಕುಂದಿಲ್ಲ. ಕ್ಲಮ್ಸಿ ತೆಗೆದು ಅದನ್ನೇ ಟೈಪ್ ಹೊಡೆದೆ. ಗೆದ್ದೆ ಅನ್ನಿಸಿತು...

ಜೂನ್ 14. ಬೆಳಿಗ್ಗೆ 8

ನಲ್ಲಿ ಹತ್ತಿರ ವೀರವ್ವ ಸಿಕ್ಕಳು. "ಭುವನೇಶ್ವರಿ, ನನ್ನ ಬಗ್ಗೆ ಏನ ಬರದಾರವಾ?"

ಆ ಪದವನ್ನು ಕನ್ನಡದಲ್ಲಿ ಹೇಳಲು ಬಾಯಿ ಬರಲಿಲ್ಲ. "ಚಲೋನ ಬರದಾರ್ರಿ, ಅತ್ತಿ" ಎಂದೆ.

"ಈ ಕೆಲಸ ಸಿಕ್ರ ದಿನಾ ಕುಣಿಗೆ ಇಳಿಯೂದು ತಪ್ಪತೈತಿ ನೋಡು. ಮೊಣಕಾಲ ಸೋತಾವು. ಕೈ ಇನ್ನೂ ಗಟ್ಟಿ ಅದಾವು."

ಥೂ ನನ್ನ ಬುದ್ಧಿಗೆ. ಸರ್ ಅವಳನ್ನು ಬೈದರು, ನಾನು ಕೂತು ಆ ಬೈಗುಳಕ್ಕೆ ಇಸ್ತ್ರಿ ಮಾಡಿದೆ. ಹಾಸು ದಾಟಲಿಲ್ಲ, ಅದಕ್ಕೇ ಎಡವಿದಳು. ಇಷ್ಟು ಬರೆಯಲು ಡಿಕ್ಷನರಿ ಯಾಕೆ ಬೇಕಿತ್ತು?

11:40

ಷರಾ ಅಳಿಸಿ ನಡೆದದ್ದನ್ನೇ ಮೂರು ಸಾಲು ಬರೆದೆ. ಮಗ್ಗದ ಪರೀಕ್ಷೆ ಆಗಿಲ್ಲ ಎಂದೂ ಸೇರಿಸಿದೆ. ಸರ್ ಓದಿದರು. "ಇದಕ್ಕ ನಾ ಸಹಿ ಮಾಡೂದಿಲ್ಲ. ಇವತ್ತು ಕಡೀ ದಿನ. ಅನ್‌ಗೇನ್ಲಿ ಅಂತ ಇದ್ದ ಹಳೇದನ್ನ ಕಳಸ್ರಿ."

ಕಳಿಸಿದೆ. ಜೊತೆಗೆ ನನ್ನ ಮೂರು ಸಾಲನ್ನೂ ಅದೇ ಜಿಲ್ಲಾ ಕಚೇರಿಗೆ ಮೇಲ್ ಮಾಡಿದೆ, ಕೆಳಗೆ ನನ್ನ ಪೂರ್ತಿ ಹೆಸರು. ಟೆಂಪರರಿ ನೌಕರಿ ನನ್ನದು. ಗೊತ್ತು.

ಸರ್ ಬೆಲ್ ಹೊಡೆಯುತ್ತಿದ್ದಾರೆ. ಎರಡನೇ ಸಲ. ಹೋಗಿ ಹೇಳುತ್ತೇನೆ — ಬೈಯುವುದಿದ್ದರೆ ಆಮೇಲೆ ಬೈಯಿರಿ, ಮೊದಲು ವೀರವ್ವನನ್ನು ಕರೆಸಿ ಮಗ್ಗಕ್ಕೆ ಕೂಡಿಸಿ ನೋಡಿ—